ಮಹಾರಾಜರ ಜೇಬು, ಮೇಷ್ಟ್ರ ಜೇಬು

ಚರಿತ್ರೆ ಮೇಷ್ಟ್ರಾದವನಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ರಾಜರ ಇಸವಿ ಕೇಳಿದರೆ ಮಕ್ಕಳು ಸೂರು ನೋಡುತ್ತಿದ್ದರು. ಅದಕ್ಕೆ ನಾನು, "ಇವರ ಜೇಬಿನಲ್ಲಿ ಏನಿತ್ತು, ಊಹಿಸಿ ಹೇಳಿ" ಎನ್ನುತ್ತಿದ್ದೆ. ಆ ಉತ್ತರಗಳನ್ನು ಈಗ ನೆನೆದರೆ ನಗುವಿನ ಜೊತೆ ಸಂಕಟವೂ ಆಗುತ್ತದೆ.

ಅರಕಲಗೂಡಿನ ಸೇಬು

ಅಲ್ಲಿನ ಶಾಲೆಯಲ್ಲಿ ಕೇಳಿದ್ದು, ಸೇಬು ಬೀಳುವುದನ್ನು ನೋಡಿ ಗುರುತ್ವಾಕರ್ಷಣೆಯ ನಿಯಮ ಹೇಳಿದ ವಿಜ್ಞಾನಿಯ ಜೇಬು. ಮಲ್ಲಿಪಟ್ಟಣದ ಕಡೆಯ ಹುಡುಗನೊಬ್ಬ ಎದ್ದು, "ಉರ್ಗಡ್ಲೆ, ಬೆಲ್ಲ ಇತ್ತು ಸಾ" ಅಂದ.

"ಅದು ಹೇಗೆ ಗೊತ್ತು?"

"ಒಟ್ಟೆ ತುಂಬಿತ್ತು ಸಾ. ಅಸ್ದಿದ್ರೆ ಅಣ್ಣು ಯಾಕ್ ಬಿತ್ತು ಅಂತ ಯಾರ್ ಯೋಚ್ನೆ ಮಾಡ್ತಾರೆ? ತಿಂದು ಮನೆಗೋಯ್ತಿದ್ದ."

ಬೈದು ಕೂರಿಸಿದೆ. ಅವನು ಬೆಳಿಗ್ಗೆ ಏನೂ ತಿಂದಿಲ್ಲವೆಂದು ಆಮೇಲೆ ಗೊತ್ತಾಯಿತು. ಮಾರನೇ ದಿನ ಒಂದು ಹಿಡಿ ಹುರಿಗಡಲೆ ಕೊಟ್ಟೆ. ತಿಂದು ಬಾಯಿ ಒರೆಸಿಕೊಂಡು, "ಈಗ ಯೋಚ್ನೆ ಮಾಡ್ಲಾ ಸಾ?" ಅಂದ.

ಚನ್ನರಾಯಪಟ್ಟಣದ ಚೀಟಿ

ಸತ್ತ ಹೆಂಡತಿಗಾಗಿ ಅಮೃತಶಿಲೆಯ ಮಹಲು ಕಟ್ಟಿಸಿದ ಬಾದಶಹನ ಸರದಿ. ಒಬ್ಬ ಹುಡುಗಿ, "ಜೇಬಲ್ಲಿ ಚೀಟಿ ಇತ್ತು ಸಾ. ಬೇಳೆ, ಕೊಬ್ರಿ ಎಣ್ಣೆ, ಮಲ್ಗೆ ಊವ. ಆಯಮ್ಮ ಬರ್ಕೊಟ್ಟಿದ್ದು. ದಿನಾ ಮರ್ತು ಬರ್ತಿದ್ದ" ಅಂದಳು.

"ಅದಕ್ಕೂ ಮಹಲಿಗೂ ಏನಮ್ಮ ಸಂಬಂಧ?"

"ಎಲ್ಡ್ ಮೊಳ ಊವ ತಂದಿದ್ರೆ ಅಷ್ಟ್ ಕಲ್ಲು ತರೋದು ತಪ್ತಿತ್ತು ಸಾ."

ಆ ಸಂಜೆ ಮರೆಯದೆ ಹೂವು ಕೊಂಡೊಯ್ದೆ. ಹೆಂಡತಿ ಗಾಬರಿಯಾಗಿ, "ಏನ್ ತಪ್ಪು ಮಾಡಿದ್ರಿ?" ಅಂದಳು.

ಹಾಸನದ ಕೋಟು

ರಿಟೈರಾಗಿ ಹಾಸನದಲ್ಲಿದ್ದೇನೆ. ಹೋದ ತಿಂಗಳು ಹೆಂಡತಿ ನನ್ನ ಮದುವೆ ಕೋಟನ್ನು ಬಿಸಿಲಿಗೆ ಹಾಕುವಾಗ ಒಳಜೇಬಿನಲ್ಲಿ ಮಡಿಸಿದ ಹಾಳೆಗಳು ಸಿಕ್ಕವು. ಮೇಲೆ ಬರೆದಿದ್ದ ಹೆಸರು ನೋಡಿದ ಕೂಡಲೇ ಗುರುತು ಸಿಕ್ಕಿತು.

ಹೊಳೆನರಸೀಪುರದಲ್ಲಿದ್ದಾಗ ಒಬ್ಬಳು ವಿದ್ಯಾರ್ಥಿನಿ ಪ್ರಬಂಧ ಸ್ಪರ್ಧೆಗೆಂದು ಹೊಯ್ಸಳ ರಾಜನ ಜೇಬಿನ ಬಗ್ಗೆ ಬರೆದದ್ದು. ಕೊಟ್ಟದ್ದು ಸ್ವಾತಂತ್ರ್ಯ ದಿನದಂದು. ನಾನು ಕೋಟು ಹಾಕುತ್ತಿದ್ದದ್ದು ವರ್ಷಕ್ಕೆ ಅದೊಂದೇ ದಿನ. "ಆಯ್ತು, ಕಳಿಸ್ತೀನಿ ಕೊಡಮ್ಮ" ಎಂದು ಜೇಬಿಗಿಟ್ಟೆ. ಕೋಟು ಬೀರು ಸೇರಿತು; ಮುಂದಿನ ವರ್ಷಗಳಲ್ಲಿ ಹಾಕಿದಾಗಲೂ ಒಳಜೇಬಿಗೆ ಕೈ ಹಾಕಲಿಲ್ಲ. ಕಳಿಸಿದ್ದೇನೆಂದೇ ನಾನು ನಂಬಿದ್ದೆ. ಅವಳು ದಿನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಬಂತಾ ಸಾ?" ಎಂದು ಕೇಳುತ್ತಿದ್ದಳು. ಕೊನೆಗೆ, "ಬಹುಮಾನ ಬರಲಿಲ್ಲ ಕಣಮ್ಮ" ಎಂದುಬಿಟ್ಟೆ. ಆಮೇಲೆ ಅವಳು ಏನನ್ನೂ ಬರೆಯಲಿಲ್ಲ. ಅದೂ ನನಗೆ ಗೊತ್ತಿತ್ತು. ಅಷ್ಟು ಚೆನ್ನಾಗಿ ಬರೆಯುವ ಕೈಯನ್ನು ನಾನೇ ಕಟ್ಟಿಹಾಕಿದ್ದೆ.

"ರಾಜರ ಜೇಬೆಲ್ಲ ತಡಕಿದ್ರಿ, ನಿಮ್ದೊಂದು ಬಿಟ್ಟು" ಅಂದಳು ಹೆಂಡತಿ.

ಹೊಳೆನರಸೀಪುರದ ರಾಜ

ಆ ಪ್ರಬಂಧ ಬರೆದವಳು ಈಗ ಅದೇ ಊರಿನಲ್ಲಿ ಟೀಚರ್. ಹಾಳೆ ಬಿಚ್ಚಿ ಓದುವ ಧೈರ್ಯ ನನಗೆ ಬರಲಿಲ್ಲ. ಹಾಗೇ ಬಸ್ಸು ಹತ್ತಿದೆ. ತರಗತಿಯ ಬಾಗಿಲಲ್ಲೇ ನಿಂತು, "ತಪ್ಪಾಯ್ತಮ್ಮ, ಇದು ಹೋಗಿರಲೇ ಇಲ್ಲ" ಎಂದು ಕೈಗಿಟ್ಟೆ.

ಅವಳು ಮಡಿಕೆ ಬಿಚ್ಚಿ ಹಾಳೆಗಳ ಮೇಲೆ ಕಣ್ಣಾಡಿಸಿದಳು. ಆಮೇಲೆ ಮಕ್ಕಳಿಗೆ ಕೇಳುವಂತೆ ಓದಿದಳು: "ನಮ್ಮ ರಾಜನ ಜೇಬಿನಲ್ಲಿ ವಜ್ರ ಇರಲಿಲ್ಲ. ಪ್ರಜೆಗಳ ಅರ್ಜಿಗಳಿದ್ದವು. ಕೆರೆ ಒಡೆದಿದೆ ಬುದ್ಧಿ ಎಂದರೆ, ಆಯ್ತು ನೋಡ್ತೀನಿ ಕೊಡಪ್ಪ ಎಂದು ಜೇಬಿಗಿಡುತ್ತಿದ್ದ. ಆ ಅಂಗಿಯನ್ನು ವರ್ಷಕ್ಕೆ ಒಂದೇ ಸಲ ಹಾಕುತ್ತಿದ್ದ."

ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು.

"ನಾನು ಒಯ್ಸಳ ರಾಜನ್ನ ಎಲ್ಲಿ ನೋಡಿದ್ದೆ ಸಾ?" ಅಂದಳು. "ನಿಮ್ಮನ್ನ ನೋಡ್ಕಂಡೇ ಬರ್ದಿದ್ದು."

"ಪತ್ರಿಕೆಗಾದರೂ ಕಳಿಸ್ತೀನಿ, ಕೊಡಮ್ಮ" ಎಂದು ಕೈಚಾಚಿದೆ.

ಅವಳು ಹಾಳೆಗಳನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಬ್ಯಾಡ ಸಾ. ಈ ಅಂಗಿಗೂ ಜೇಬೈತೆ."