ಕಾರಿಗೆ ಬಹುವಚನ, ನನಗೆ ಏಕವಚನ

ಇಂದ:
ಅನುವಾದಕ, ಧ್ವನಿ ಸೂಚನೆಗಳ ಶಾಖೆ,
ಕಾರು ಕಾರ್ಖಾನೆ (ಬಣ್ಣ ಹೊಡೆಯುವ ಶೆಡ್ಡಿನ ಹಿಂದಿನ ಕೋಣೆ)

ಗೆ:
ಮಾನ್ಯ ವ್ಯವಸ್ಥಾಪಕರು, ಮಾರುಕಟ್ಟೆ ಹೊಂದಾಣಿಕೆ ವಿಭಾಗ

ವಿಷಯ: ಹೊರದೇಶದ ಸ್ಟೇಷನ್ ವ್ಯಾಗನ್ ನಮ್ಮ ಗಿರಾಕಿಗಳನ್ನು ಏಕವಚನದಲ್ಲಿ ಮಾತನಾಡಿಸಿದ ಬಗ್ಗೆ ನಾನು ಕೊಟ್ಟ ಸಮಜಾಯಿಷಿಯನ್ನು ಹಿಂಪಡೆಯಲು ಅನುಮತಿ ಕೋರಿ.

ಉಲ್ಲೇಖ: 1) ಕಾರಣ ಕೇಳಿ ತಾವು ಕೊಟ್ಟ ನೋಟಿಸ್. 2) ಅದಕ್ಕೆ ನನ್ನ ಸುಳ್ಳು ಉತ್ತರ. 3) ಹನ್ನೊಂದು ದಿನಗಳಿಂದ ಮನೆಯಲ್ಲಿ ನನಗೆ ಸಿಗುತ್ತಿರುವ ಮರ್ಯಾದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಸದರಿ ದುಬಾರಿ ವಾಹನವನ್ನು ನಮ್ಮ ರಸ್ತೆಗೆ ಒಗ್ಗಿಸಲು ಸ್ಟೀರಿಂಗನ್ನು ಎಡದಿಂದ ಬಲಕ್ಕೆ ತರಲಾಯಿತು. ರಸ್ತೆಯುಬ್ಬಿಗೆ ಹೊಟ್ಟೆ ತಾಗದಂತೆ ಎರಡು ಬೆರಳು ಎತ್ತರಿಸಲಾಯಿತು. ಇವನ್ನು ಇಂಜಿನಿಯರುಗಳು ಮಾಡಿದ್ದರಿಂದ ಸರಿಯಾಗಿವೆ. ಕಾರಿನ ಮಾತು ಮಾತ್ರ ನನ್ನ ಪಾಲಿಗೆ ಬಂತು.

2. ಮೂಲ ಭಾಷೆಯಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಪದವಿದ್ದ ಕಾರಣ, ಹಾಗೂ ‘ಬೆಲ್ಟ್ ಹಾಕಿ’ ಎಂದರೆ ಗಿರಾಕಿಗಳು ಆಟದ ಹಾಕಿ ಎಂದುಕೊಂಡಾರು ಎಂದು ಅತಿಬುದ್ಧಿ ಓಡಿಸಿದ ಕಾರಣ, ‘ಹಾಕು’ ಎಂದು ಬರೆದೆ. ಒಮ್ಮೆ ‘ಹಾಕು’ ಎಂದ ಮೇಲೆ ಉಳಿದ ಇನ್ನೂರು ವಾಕ್ಯಗಳೂ ಅದೇ ದಾರಿ ಹಿಡಿದವು.

3. ಧ್ವನಿ ನೀಡಿದವಳು ನನ್ನ ಹೆಂಡತಿ. ಹದಿನಾಲ್ಕು ಕಂಠಗಳಲ್ಲಿ ತಾವೇ ಆರಿಸಿದ್ದು. ಗೋಡೆಗೆಲ್ಲ ಕಂಬಳಿ ಹೊದಿಸಿದ ರೆಕಾರ್ಡಿಂಗ್ ಕೋಣೆಯಲ್ಲಿ ಹಾಳೆ ನೋಡಿ ಅವಳು, “ಅಲ್ಲೋ, ವಯಸ್ಸಾದೋರು ಕೂರೋ ಗಾಡಿ, ಹೀಗಾ ಮಾತಾಡ್ಸೋದು?” ಎಂದು ಕೇಳಿದ್ದು ನಿಜ. “ಬರೆದಿದ್ದನ್ನ ಓದು, ಸಾಕು” ಎಂದು ನಾನು ಹೇಳಿದ್ದೂ ನಿಜ.

4. ಪ್ರದರ್ಶನದ ದಿನ ಮೊದಲು ಕುಳಿತ ನಿವೃತ್ತ ನ್ಯಾಯಾಧೀಶರಿಗೆ ಕಾರು “ಬೆಲ್ಟ್ ಹಾಕು” ಎಂದಿತು. “ಯಾರಿಗೆ ಹೇಳ್ತಿದೀಯಾ?” ಎಂದರು ಅವರು. “ಬಾಗಿಲು ಮುಚ್ಚು” ಎಂದಿತು ಕಾರು. ಅವರು ಕೆಳಗಿಳಿದು ಮುಚ್ಚಿದ ರಭಸಕ್ಕೆ ಪಕ್ಕದ ಕನ್ನಡಿ ಕಳಚಿ, ಅಲ್ಲೇ ನಿಂತಿದ್ದ ತಮ್ಮ ಪಾದದ ಬಳಿಯೇ ಬಿದ್ದದ್ದು ತಮಗೆ ತಿಳಿದೇ ಇದೆ.

5. ಆದ್ದರಿಂದ ತಾವು ನೋಟಿಸ್ ಕೊಟ್ಟಿರಿ. ಆದ್ದರಿಂದ ನಾನು ಹೆದರಿದೆ. ಆದಕಾರಣ “ಧ್ವನಿ ನೀಡಿದವರು ಹಾಳೆಯಲ್ಲಿದ್ದುದನ್ನು ಬಿಟ್ಟು ಮನೆಯ ರೂಢಿಯಂತೆ ಓದಿದ್ದಾರೆ” ಎಂದು ಬರೆದುಕೊಟ್ಟು ಕೈತೊಳೆದುಕೊಂಡೆ. ಅದರ ನಕಲು ನನ್ನ ಅಂಗಿಯ ಜೇಬಿನಲ್ಲೇ ಉಳಿಯಿತು. ಒಗೆಯುವ ಮುನ್ನ ಜೇಬು ನೋಡುವುದು ಅವಳ ಅಭ್ಯಾಸ.

6. ಅಂದಿನಿಂದ ಅವಳು ಜಗಳವಾಡಿಲ್ಲ, ಬೈದೂ ಇಲ್ಲ. “ಏನೋ”, “ಬಾರೋ” ಎನ್ನುತ್ತಿದ್ದವಳು “ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ” ಎನ್ನುತ್ತಿದ್ದಾಳೆ. ನಿನ್ನೆ “ತಮ್ಮ ಚಪ್ಪಲಿ ದಾರೀಲಿದೆ” ಎಂದಳು. ಇಪ್ಪತ್ತೆರಡು ವರ್ಷಗಳಲ್ಲಿ ನನಗೆ ಇಂಥ ಅವಮಾನ ಆಗಿರಲಿಲ್ಲ. ನನ್ನ ಮನೆಯಲ್ಲಿ ನಾನೇ ನೆಂಟನಾಗಿದ್ದೇನೆ. ತುಂಬಾ ಸಂಕಟವಾಗುತ್ತಿದೆ.

ಆದ್ದರಿಂದ ತಪ್ಪು ಸಂಪೂರ್ಣ ನನ್ನದೇ ಎಂದು ಕಡತದಲ್ಲಿ ದಾಖಲಿಸಿ, ಕಾರಿಗೆ ಬಹುವಚನ ಮಂಜೂರು ಮಾಡಿ, ನನಗೆ ಸಲ್ಲಬೇಕಾದ ಶಿಕ್ಷೆ ಕೊಟ್ಟು, ಸದರಿ ಆದೇಶದ ಮೊಹರಿರುವ ಒಂದು ಪ್ರತಿಯನ್ನು ಮನೆಯಲ್ಲಿ ಹಾಜರುಪಡಿಸಲು ದಯಪಾಲಿಸಬೇಕೆಂದು ಕೋರುತ್ತೇನೆ. ನನ್ನ ಏಕವಚನ ತಮ್ಮ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವೆಂದು ಬಲ್ಲೆ.

ಕಚೇರಿಯ ಮಟ್ಟಿಗಾದರೂ ತಮ್ಮ ವಿಶ್ವಾಸಿ,
ಅನುವಾದಕ

ಲಗತ್ತುಗಳು:
ಅ) ನನ್ನ ಕೈಬರಹದ ಮೂಲ ಹಾಳೆ, ‘ಹಾಕು’, ‘ಮುಚ್ಚು’ ಸಹಿತ.
ಆ) ಜೇಬಿನಲ್ಲಿ ಸಿಕ್ಕ ನಕಲು. ಕೆಂಪು ಗೆರೆಗಳು ಹೆಂಡತಿಯವು.

ವಿ.ಸೂ.: ಈ ಅರ್ಜಿಯ ಕರಡನ್ನು ಬೆಳಿಗ್ಗೆ ಅವಳಿಗೆ ತೋರಿಸಿದೆ. ಎರಡು ಸಲ ಓದಿ, “ಕಾಗುಣಿತ ತಪ್ಪಿದೆ” ಎಂದಳು. ಈ ವಾಕ್ಯದಲ್ಲಿ ‘ನೀನು’ ಇಲ್ಲ, ‘ನೀವು’ ಕೂಡ ಇಲ್ಲ. ಇದನ್ನು ಯಾವುದೆಂದು ಪರಿಗಣಿಸಬೇಕು ಎಂಬುದನ್ನು ನಾನು ಮನೆಗೆ ಊಟಕ್ಕೆ ಹೊರಡುವುದರೊಳಗೆ ತಿಳಿಸಬೇಕಾಗಿ ಕೋರಿಕೆ.