ಎಷ್ಟು ಸತ್ತಾವ, ಎಷ್ಟು ಉಳದಾವ?

ಅರಣ್ಯ ಇಲಾಖೆಯ ನೌಕರಿ ಅಂದಕೂಡಲೇ ಜನ ಹುಲಿ, ದಟ್ಟ ಕಾಡು, ಹೆಗಲಿಗೆ ಬಂದೂಕು ಅಂದುಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದದ್ದು ಧಾರವಾಡ ಜಿಲ್ಲೆಯ ಕಪ್ಪು ಮಣ್ಣಿನ ಎರಿ ಹೊಲ, ಪ್ಲಾಸ್ಟಿಕ್ ಚೀಲದ ಸಸಿ, ಮತ್ತೆ ದಿನಕ್ಕೊಂದು ಫಜೀತಿ. ಯಾವ ಫಜೀತಿಯೂ ಇಲ್ಲದೆ ಮನೆಗೆ ಬಂದ ದಿನ ನನ್ನ ಗಂಡನೇ ಕೇಳುತ್ತಾರೆ, "ಯಾಕ, ಇವತ್ತ ರಜಾ ಇತ್ತೇನು?"

ಕೆಲಸ ಹೇಳಲಿಕ್ಕೆ ಸರಳ. ರೈತರು ನಮ್ಮ ನರ್ಸರಿಯಿಂದ ಕಡಿಮೆ ದರದಲ್ಲಿ ಸಸಿ ಒಯ್ದು ತಮ್ಮ ಹೊಲದ ಬದುವಿಗೆ ಹಚ್ಚಬೇಕು. ಮೂರು ವರ್ಷ, ವರ್ಷಕ್ಕೊಮ್ಮೆ ನಾನು ಹೋಗಿ ಎಣಿಸಬೇಕು. ಬದುಕಿದ ಸಸಿಗೆ ಸರ್ಕಾರದಿಂದ ಪ್ರೋತ್ಸಾಹಧನ, ಸತ್ತದ್ದಕ್ಕೆ ಏನೂ ಇಲ್ಲ. ಹೀಗಾಗಿ ಯಾವ ಊರಿಗೆ ಹೋದರೂ ನಾನು ಮೊದಲು ಕೇಳುವುದು, "ಎಷ್ಟು ಸತ್ತಾವ, ಎಷ್ಟು ಉಳದಾವ?" ನಾಲ್ಕು ತಾಲೂಕು ತಿರುಗಿದ್ದೇನೆ. ಎಲ್ಲ ಕಡೆ ನನ್ನ ಹೆಸರು ಒಂದೇ: ಗಿಡದ ಬಾಯಾರು, ಅಂದರೆ ಗಿಡದ ಮೇಡಂ.

ಇಲ್ಲಿ ಬರೆದಿರುವುದರಲ್ಲಿ ನಗೆಪಾಟಲಾಗುವವಳು ನಾನೇ. ಹೇಳಿಕೊಂಡರೆ ನಾಚಿಕೆ ಸ್ವಲ್ಪ ಕಡಿಮೆಯಾದೀತು ಅಂತ ಆಸೆ. ಈವರೆಗೆ ಆಗಿಲ್ಲ.

ಆಡಿನ ಪಾಠ

ನೌಕರಿಗೆ ಸೇರಿದ ಹೊಸತು. ಸಂಶಿಯ ಹತ್ತಿರದ ಒಂದು ಹಳ್ಳಿಯಲ್ಲಿ ರೈತರ ಸಭೆ. ನನ್ನ ಮೊದಲ ಭಾಷಣ. ಸಮವಸ್ತ್ರಕ್ಕೆ ಎರಡು ಸಲ ಇಸ್ತ್ರಿ ಮಾಡಿಸಿದ್ದೆ. ಸಭೆ ಮುಗಿದ ಮೇಲೆ ಹಂಚಲೆಂದು ಒಂದು ಟ್ರೇಲರ್ ತುಂಬ ನೆಲ್ಲಿ, ಹುಣಸಿ, ಹೆಬ್ಬೇವಿನ ಸಸಿ ತಂದು ಸಮುದಾಯ ಭವನದ ಹೊರಗೆ ನಿಲ್ಲಿಸಿದ್ದೆವು. ಡ್ರೈವರ್ ಚಹಾ ಕುಡಿಯಲು ಹೋಗಿದ್ದ.

ನಾನು ಶುರು ಮಾಡಿದೆ. "ಸಸಿಯ ವೈರಿ ಬರಗಾಲ ಅಲ್ಲ. ಗೆದ್ದಲ ಅಲ್ಲ. ಆಡು! ಒಂದು ಆಡು ಹೊಕ್ಕರ ನಿಮ್ಮ ಮೂರು ವರ್ಷದ ದುಡಿಮಿ ಒಂದು ತಾಸಿನಾಗ ಖಲಾಸ್!"

ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿದ ಅಜ್ಜ ಒಬ್ಬರು ಕೈ ಎತ್ತಿದರು. "ಪ್ರಶ್ನೆ ಕಡೀಕ ಕೇಳ್ರಿ ಅಜ್ಜಾರ" ಅಂದೆ. ಕೂತರು. ನಾನು ಮುಳ್ಳುಬೇಲಿಯ ವಿಷಯಕ್ಕೆ ಬಂದೆ. ಅಜ್ಜ ಮತ್ತೆ ಎದ್ದರು. "ಶಿಸ್ತು ಇರಬೇಕ್ರಿ" ಅಂದೆ. ಮತ್ತೆ ಕೂತರು. ಮೂರನೇ ಸಲ ಎದ್ದಾಗ ಬಾಜೂದವರೇ ಅವರ ಧೋತರ ಹಿಡಿದು ಜಗ್ಗಿ ಕೂಡಿಸಿದರು. ನಾನು ಮುಕ್ಕಾಲು ತಾಸು ಆಡಿನ ಹಲ್ಲು, ಆಡಿನ ಹೊಟ್ಟೆ, ಆಡಿನ ಬುದ್ಧಿ ಎಲ್ಲ ವಿವರಿಸಿ ಮುಗಿಸಿದೆ. ಚಪ್ಪಾಳೆ ಬಿತ್ತು.

"ಈಗ ಹೇಳ್ರಿ ಅಜ್ಜಾರ, ಏನು ನಿಮ್ಮ ಪ್ರಶ್ನೆ?"

"ಪ್ರಶ್ನೆ ಅಲ್ರಿ. ಹೊರಗ ನಮ್ಮ ಆಡು ನಿಮ್ಮ ಟ್ರೇಲರ್ ಏರಿದ್ವು. ಅದನ್ನ ಹೇಳೂಣಂತ ಎದ್ದಿದ್ದೆ."

ಹೊರಗೆ ಓಡಿದೆ. ಟ್ರೇಲರಿನ ಮೇಲೆ ಐದು ಆಡು ನಿಂತಿದ್ದವು. ಅವುಗಳ ಕಾಲಡಿ ಸಾಲಾಗಿ ಚೀಲ, ಚೀಲದಲ್ಲಿ ಮಣ್ಣು, ಮಣ್ಣಿನಲ್ಲಿ ಕಡ್ಡಿ. ಎಲೆ ಅನ್ನುವುದು ಒಂದೂ ಇರಲಿಲ್ಲ. ಇಡೀ ಸಭೆ ನನ್ನ ಹಿಂದೆ ಬಂದು ನಿಂತಿತು. ಎಲ್ಲಿ ನೋಡಬೇಕೋ ತಿಳಿಯದೆ ನನ್ನ ಬೂಟು ನೋಡುತ್ತ ನಿಂತೆ. ಅಜ್ಜ ಹತ್ತಿರ ಬಂದು ಸಮಾಧಾನ ಹೇಳಿದರು.

"ನೀವು ಹೇಳಿದ್ದು ಅಗದಿ ಖರೇ ಐತ್ರಿ ಬಾಯಾರ. ಒಂದು ಮಾತೂ ಸುಳ್ಳಿಲ್ಲ."

ಫೋಟೋ

ಆಮೇಲೆ ಮೊಬೈಲಿನ ಕಾಲ ಬಂತು. ಸಸಿ ಬದುಕಿದೆ ಅಂತ ಬರೆದರೆ ಸಾಲದು, ಅದರ ಪಕ್ಕ ರೈತರನ್ನು ನಿಲ್ಲಿಸಿ ಫೋಟೋ ತೆಗೆದು ಕಳಿಸಬೇಕು.

ಅಣ್ಣಿಗೇರಿ ಕಡೆಯ ಒಂದು ಮನೆಗೆ ಹಿಂದಿನ ದಿನವೇ ಫೋನ್ ಮಾಡಿದ್ದೆ, "ನಾಳೆ ಫೋಟೋ ತಗೀತೀವಿ, ತಯಾರ್ ಇರ್ರಿ." ಹೋಗಿ ನೋಡಿದರೆ ಹೊಲದ ಬದುವಿನ ಮೇಲೆ ಇಡೀ ಮನೆತನ ನಿಂತಿದೆ. ಗಂಡಸರು ಬಿಳಿ ಅಂಗಿ, ಹೆಂಗಸರು ಇಳಕಲ್ ಸೀರೆ. ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಮನೆಯ ಹಿರಿ ಅಜ್ಜಿ. ಹೊಲ ಅಜ್ಜಿಯ ಹೆಸರಿನಲ್ಲಿತ್ತು. ಬೇಡ ಅನ್ನಲು ಮನಸ್ಸಾಗಲಿಲ್ಲ. "ಸ್ವಲ್ಪ ಒತ್ತಿ ನಿಲ್ರಿ, ಸ್ವಲ್ಪ ನಗ್ರಿ" ಅಂತ ನಾನೇ ಹುರುಪಿನಿಂದ ಹತ್ತಿಪ್ಪತ್ತು ಫೋಟೋ ತೆಗೆದೆ. ಒಳ್ಳೆಯದನ್ನು ಆರಿಸಿ ಮೇಲಕ್ಕೆ ಕಳಿಸಿದೆ. ಒಳಗೊಳಗೆ ಮೆಚ್ಚುಗೆ ಬರುತ್ತದೆ ಅಂತಲೂ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಮೇಲಿನ ಕಚೇರಿಯಿಂದ ಷರಾ ಬಂತು. ಅದನ್ನು ತಿಂಗಳ ಸಭೆಯಲ್ಲಿ ಎಲ್ಲರ ಮುಂದೆ ಓದಿದರು.

"ಅಜ್ಜಿ ಚೆನ್ನಾಗಿ ಚಿಗುರಿದ್ದಾರೆ. ಸಸಿ ಎಲ್ಲಿ?"

ಹೊಸದು ಕೊಡ್ತೀನಿ

ಇದನ್ನು ಬರೆಯಲೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ.

ಕಲಘಟಗಿ ತಾಲೂಕಿನ ಹಿರಿಯ ರೈತರೊಬ್ಬರು ಸಾಗವಾನಿ ಹಚ್ಚಿದ್ದರು. ತೊಂಬತ್ತು ದಾಟಿದ ವಯಸ್ಸು. ಬೇರೆ ಬೇರೆ ಊರಿನ ರೈತರಿಗೆ ಸಾಲಾಗಿ ಫೋನ್ ಮಾಡುತ್ತ ಅವರ ನಂಬರಿಗೂ ಹಚ್ಚಿದೆ. ಎತ್ತಿದ್ದು ಅವರ ಸೊಸೆ.

"ಗಿಡದ ಬಾಯಾರು ಮಾತಾಡೂದ್ರಿ. ಏನು ಪರಿಸ್ಥಿತಿ?"

"ಎಲ್ಲಾ ಮುಗದ ಹೋತ್ರಿ ಬಾಯಾರ" ಅಂದಳು ಸಣ್ಣ ದನಿಯಲ್ಲಿ.

ನನಗೆ ಸಿಟ್ಟು ಬಂತು. ಬೆಳಗಿನಿಂದ ಮಾತಾಡಿದವರೆಲ್ಲ ಇದನ್ನೇ ಹೇಳಿದ್ದರು. "ಮುಗದ ಹೋತಂದ್ರ? ನೀರು ಹಾಕಲಿಲ್ಲೇನು?"

"ಹಾಕಿದ್ವಿರಿ. ಕಡೀಕ ಒಂದೀಟು ಹಾಕಿದ್ವಿ. ಒಳಗ ಇಳೀಲಿಲ್ಲ."

"ಕಡೀಕ ಹಾಕಿದ್ರ ಹೆಂಗ ಇಳೀತೈತಿ? ದಿನಾ ಒಂದೀಟು ಕಾಳಜಿ ಮಾಡಿದ್ರ ಹಿಂಗ ಆಗತಿತ್ತೇನು?"

ಆ ಕಡೆ ಬಿಕ್ಕಿದ ಸಪ್ಪಳ. ಸಸಿಗಾಗಿ ಇಷ್ಟು ದುಃಖಪಡುವವಳನ್ನು ಬೈದೆನಲ್ಲ ಅಂತ ಮನಸ್ಸು ಕರಗಿತು. "ಈಗ ಏನು ಮಾಡೀರಿ?" ಅಂತ ಮೆತ್ತಗೆ ಕೇಳಿದೆ.

"ನಿನ್ನಿ ಹೊಲದಾಗ ಮಣ್ಣು ಕೊಟ್ವಿರಿ."

"ಈಗ ಮಣ್ಣು ಕೊಟ್ರ ಏನು ಬಂತು, ಮೊದಲ ಕೊಡಬೇಕಿತ್ತು. ಇರಲಿ, ಮನಸ್ಸಿಗೆ ಹಚಗೋಬ್ಯಾಡ್ರಿ. ಮುಂದಿನ ಮಳಿಗಾಲಕ್ಕ ನಾನ ನಿಂತು ಹೊಸಾದು ಕೊಡ್ತೀನಿ."

ಅವಳು ಬಿಕ್ಕು ತಡೆದು ಅಂದಳು, "ಹೋದವರು ನಮ್ಮ ಮಾವನೋರ್ರಿ ಬಾಯಾರ."

ನಾನು ಏನಂದೆನೋ ನೆನಪಿಲ್ಲ. ಒಂದು ವಾರ ಆ ರಸ್ತೆಯಲ್ಲೇ ಓಡಾಡಲಿಲ್ಲ. ಆದರೂ ಹೋಗದೆ ಇರುವಂತಿರಲಿಲ್ಲ. ಹೋಗಿ ಅವರ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತೆ. ಸೊಸೆ ನನ್ನನ್ನು ನೋಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ನನ್ನ ಕಣ್ಣೂ ತುಂಬಿ ಬಂತು. ನೋಡಿದರೆ ಅವಳು ನಗು ತಡೆಯುತ್ತಿದ್ದಳು.

"ಬರ್ರಿ ಬಾಯಾರ, ಒಳಗ ಬರ್ರಿ. ಸಸಿ ಎಲ್ಲಾ ಛಲೋ ಅದಾವ. ಆದ್ರ ಹೊಸ ಮಾವ ಮಾತ್ರ ಬ್ಯಾಡ್ರಿ. ಇದ್ದೊಬ್ಬರನ್ನ ಸಂಭಾಳ್ಸೂದರಾಗ ನಂಗ ಸಾಕಾಗಿತ್ತು."

ಜಮಖಾನಿ ಚಾಚಿ

ಮೇಲಿನ ಮೂರೂ ಅವಾಂತರಗಳು. ಇದು ತಪ್ಪು.

ಯಮನೂರಿನ ಆಚೆಯ ಒಂದು ಊರಿನಲ್ಲಿ ಜಮಖಾನೆ ನೇಯುವ ಹೆಂಗಸೊಬ್ಬಳಿದ್ದಳು. ಊರೆಲ್ಲ ಚಾಚಿ ಅಂತ ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಅವಳ ಪಾಲಿಗೆ ಬಂದಿದ್ದ ಒಂದು ಪಟ್ಟಿ ಹೊಲದ ಬದುವಿಗೆ ಬೇವು, ಹುಣಸಿ, ಹೆಬ್ಬೇವು ಹಚ್ಚಿದ್ದಳು. ಬೇಸಿಗೆಯಲ್ಲಿ ಕಾಲುವೆಯಿಂದ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದಳು. ಮೊದಲೆರಡು ವರ್ಷದ ಎಣಿಕೆ ಬೇರೆಯವರು ಮಾಡಿದ್ದರು. ಮೂರನೇ ವರ್ಷದ್ದು ನನ್ನ ಪಾಲಿಗೆ ಬಂತು.

ನಾನು ಹೋದ ದಿನ ಮಳೆ ನಿಂತು ಒಂದೇ ದಿನವಾಗಿತ್ತು. ಎರಿ ಮಣ್ಣಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೂ ಒಂದೊಂದು ಬುಟ್ಟಿ ಮಣ್ಣು ಮೆತ್ತುತ್ತದೆ. ಸ್ಕೂಟರನ್ನು ರಸ್ತೆಯಲ್ಲೇ ನಿಲ್ಲಿಸಿ, ಎತ್ತು ಹೊಡೆದುಕೊಂಡು ಹೊರಟಿದ್ದವನನ್ನು ಕೇಳಿದೆ. "ಚಾಚಿ ಹೊಲ ಯಾವುದೋ?" ಅವನು ಕೈ ಮಾಡಿ ತೋರಿಸಿ ಹೋದ. ನೋಡಿದೆ. ದೂರದ ಬದುವಿನ ಮೇಲೆ ಒಣಗಿದ ಕಡ್ಡಿಗಳ ಸಾಲು. ನನ್ನ ಬೂಟು ಹೊಸದು. ರಸ್ತೆಯ ಮೇಲೆ ನಿಂತೇ ಬರೆದೆ: "ಸಸಿಗಳು ಸಂಪೂರ್ಣ ಒಣಗಿವೆ."

ಚಾಚಿಗೆ ಹಣ ಬರಲಿಲ್ಲ. ಆ ಹಣದಲ್ಲಿ ಮಗ್ಗಕ್ಕೆ ನೂಲು ತರಬೇಕೆಂದಿದ್ದಳಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಒಂದು ಮಧ್ಯಾಹ್ನ ನಾವೆಲ್ಲ ಕಚೇರಿಯಲ್ಲಿದ್ದಾಗ ಚಾಚಿ ಒಂದು ಗಂಟು ಹಿಡಿದು ಬಂದಳು. ನನ್ನ ಕಡೆ ನೋಡಲಿಲ್ಲ. ನೇರವಾಗಿ ಸಾಹೇಬರ ಟೇಬಲ್ ಮೇಲೆ ಗಂಟು ಬಿಚ್ಚಿದಳು. ತುಂಬ ಎಲೆ. ಬೇವಿನ ಎಲೆಗೆ ಕೆಂಪು ದಾರ, ಹುಣಸಿಗೆ ಹಳದಿ, ಹೆಬ್ಬೇವಿಗೆ ನೀಲಿ. ಎಲ್ಲ ಜಮಖಾನೆಯ ನೂಲು. ಒಂದೊಂದು ಗಿಡಕ್ಕೆ ಒಂದೊಂದು ಕಡ್ಡಿ ಎಲೆ.

"ಇದೇನ್ರಿ ಚಾಚಿ?" ಅಂದರು ಸಾಹೇಬರು.

"ನಮ್ಮ ಗಿಡಾ ಎಲ್ಲಾ ಸತ್ತಾವಂತ ಬರದೀರಂತ. ಅವನ್ನ ಕರಕೊಂಡು ಬಂದು ತೋರಸೂಣಂದ್ರ ಬರಾಕ ಒಲ್ಲೆ ಅಂದುವ್ರಿ. ಅದಕ್ಕ ಎಲ್ಲಾರ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೀನಿ."

ಕಚೇರಿ ಪೂರ್ತಿ ನಕ್ಕಿತು. ಸಾಹೇಬರೂ ನಕ್ಕರು. ಎಲೆಗಳ ನಡುವೆ ಗಂಟು ಹಾಕಿದ ಬರೀ ದಾರಗಳೂ ಇದ್ದವು. "ಇವು?" ಅಂದರು.

"ಅವು ಖರೇನ ಸತ್ತಾವ್ರಿ. ಸತ್ತದ್ದನ್ನ ಸತ್ತೈತಿ ಅಂತನ ಹೇಳಬೇಕಲ್ರಿ."

ನಗು ಅಲ್ಲಿಗೆ ನಿಂತಿತು. ಸಾಹೇಬರು ನನ್ನತ್ತ ತಿರುಗಿದರು. "ಬಾಯಾರ, ನೀವು ಹೊಲದಾಗ ಹೋಗಿ ನೋಡಿದ್ರಿಲ್ಲೋ?" ಹೌದು ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆ ಬರೀ ದಾರಗಳನ್ನು ನೋಡಿದ ಮೇಲೆ ಬಾಯಿ ಏಳಲಿಲ್ಲ.

"ಇಲ್ಲ ಸರ್. ರಸ್ತೆ ಮ್ಯಾಲಿಂದ ನೋಡಿದ್ದೆ."

ಮರುದಿನವೇ ಹೋಗಿ ಎಣಿಸಿ ಬರ್ರಿ ಅಂದರು. ಹೋದೆ, ಎಣಿಸಿದೆ (ಅಂದು ರಸ್ತೆಯಿಂದ ಕಂಡದ್ದು ಯಾರದೋ ಬೇಲಿಯ ಕಡ್ಡಿ), ಹೊಸ ವರದಿ ಹೋಯಿತು, ತಡವಾಗಿಯಾದರೂ ಚಾಚಿಯ ಹಣ ಬಂತು. ಆದರೆ ಆ ಮರುದಿನದ್ದು ಪೂರ್ತಿ ಹೇಳದಿದ್ದರೆ ನನ್ನ ಮನಸ್ಸು ಹಗುರಾಗುವುದಿಲ್ಲ.

ರಸ್ತೆಯಿಂದ ಇಳಿದು ಇಬ್ಬರೂ ಕೆಸರಿನಲ್ಲಿ ನಡೆದೆವು. ಚಾಚಿ ಬರಿಗಾಲಲ್ಲಿ ಮುಂದೆ, ನಾನು ಬೂಟು ಕೈಯಲ್ಲಿ ಹಿಡಿದು ಹಿಂದೆ. ಅವಳು ಬೈದಿದ್ದರೆ ಸುಖವಿತ್ತು. ಕೊನೆಗೆ ನಾನೇ ಬಾಯಿ ಬಿಟ್ಟೆ.

"ಚಾಚಿ, ನಂದು ತಪ್ಪಾತು. ಮಾಫ್ ಮಾಡ್ರಿ."

ಅವಳು ನಿಂತು ತಿರುಗಿದಳು. "ನನಗ್ಯಾಕ ಹೇಳ್ತಿ ಬೇಟಾ? ನನ್ನೇನು ಸತ್ತಾಳಂತ ಬರದಿದ್ದೇನು? ಯಾರನ್ನ ಬರದೀಯೋ ಅವರಿಗೆ ಹೇಳು."

ತಮಾಷೆಗೆ ಅಂದಳೋ ಖರೇ ಅಂದಳೋ ಅವಳ ಮುಖದಲ್ಲಿ ಗೊತ್ತಾಗಲಿಲ್ಲ. ಮುಂದೆ ಬದುವಿನ ತುದಿಯಲ್ಲಿ ಒಂದು ಬೇವಿನ ಗಿಡ ನನ್ನ ಎದೆಮಟ್ಟ ಬೆಳೆದು ನಿಂತಿತ್ತು. ಸುತ್ತ ನೋಡಿದೆ. ದೂರದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನೋಡಿದರೆ ನೋಡಲಿ ಅಂದುಕೊಂಡೆ. ಬೂಟು ಕೆಳಗಿಟ್ಟೆ, ಸಮವಸ್ತ್ರದ ಟೊಪ್ಪಿಗೆ ತೆಗೆದೆ, ಆ ಗಿಡದ ಮುಂದೆ ಎರಡೂ ಕೈ ಜೋಡಿಸಿ ನಿಂತೆ. ಒಮ್ಮೆ ಶುರುವಾದ ಮೇಲೆ ಮಾತು ತಾನಾಗಿ ಬಂತು. ನೋಡದೆ ಬರೆದೆ, ಸೋಮಾರಿತನ ಮಾಡಿದೆ, ಬೂಟಿನ ಆಸೆಗೆ ನಿನ್ನ ಜೀವ ತೆಗೆದೆ, ಇನ್ನೊಮ್ಮೆ ಹಿಂಗ ಮಾಡಂಗಿಲ್ಲ ಅಂತ ಎಲ್ಲ ಒಪ್ಪಿಕೊಂಡೆ. ಕಣ್ಣೊರೆಸಿಕೊಂಡೆ.

ಚಾಚಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು.

"ಇದು ಬಾಜೂದವರದ ಬೇಟಾ. ನಮ್ಮ ಹೊಲಾ ಇನ್ನೂ ಮುಂದೈತಿ."