ಐದನೆಯ ವಿಧ

ವಿಶ್ವವಿದ್ಯಾಲಯದಲ್ಲಿ ನನಗೆ ಎಲ್ಲವನ್ನೂ ಅನುಮಾನಿಸಲು ಕಲಿಸಿದರು. ದೇವರು, ಮಠ, ಸರ್ಕಾರ, ಮಾವನ ಮನೆಯ ಔದಾರ್ಯ, ಯಾವುದನ್ನೂ ನಾನು ಬಿಟ್ಟವನಲ್ಲ. ಆದರೆ ಅಲ್ಲಿ ಬರೆದುಕೊಂಡ ನೋಟ್ಸನ್ನೂ ಅನುಮಾನಿಸಬೇಕೆಂದು ಯಾರೂ ಹೇಳಲಿಲ್ಲ. ಹಿರಿಯೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಆ ನೋಟ್ಸನ್ನೇ ಪ್ರತಿವರ್ಷ ಬರೆಸುತ್ತೇನೆ; ಮಕ್ಕಳು ತಲೆಯೆತ್ತದೆ ಬರೆದುಕೊಳ್ಳುತ್ತಾರೆ.

ಯಂತ್ರಕ್ಕೆ ಸೊನ್ನೆ ಮತ್ತು ಒಂದು ಬಿಟ್ಟು ಬೇರೇನೂ ತಿಳಿಯದು. ಮನುಷ್ಯ ಓದಬಲ್ಲ ಪದಗಳಲ್ಲಿ ಅದಕ್ಕೆ ಆಜ್ಞೆ ಬರೆಯಲು ಮಾಡಿಕೊಂಡ ಏರ್ಪಾಡೇ ಉನ್ನತ ಮಟ್ಟದ ಭಾಷೆ. ಇದರಲ್ಲಿ ಐದು ವಿಧಗಳಿವೆ. ಹೆಜ್ಜೆ ಹೆಜ್ಜೆಗೂ ಹೇಳಿ ಮಾಡಿಸುವುದು ಒಂದು. ನನ್ನ ಹೆಂಡತಿ ನನ್ನನ್ನು ಸಂತೆಗೆ ಕಳಿಸುವ ಕ್ರಮ. ವಸ್ತುವನ್ನೂ ಅದರ ಕೆಲಸವನ್ನೂ ಒಟ್ಟಿಗೆ ಕಟ್ಟಿಡುವುದು ಇನ್ನೊಂದು. ಗಣಿತದ ಸೂತ್ರದಂತೆ, ಅದೇ ಪ್ರಶ್ನೆಗೆ ಸದಾ ಅದೇ ಉತ್ತರ ಕೊಡುವುದು ಮೂರನೆಯದು. ಈ ಗುಣ ನಮ್ಮ ವಿಭಾಗದಲ್ಲಿ ಯಾರಿಗೂ ಇಲ್ಲ. ನಾಲ್ಕನೆಯದಾದ ತರ್ಕದ ಭಾಷೆಯಲ್ಲಿ ಏನು ಬೇಕೆಂದಷ್ಟೇ ಹೇಳಬೇಕು, ಹೇಗೆಂದು ಹೇಳಬೇಕಿಲ್ಲ. ನಮ್ಮ ಪ್ರಾಂಶುಪಾಲರು ಆಡುವುದು ಇದನ್ನೇ.

ಈ ಸಲ ಕಿರುಪರೀಕ್ಷೆಯಲ್ಲಿ 'ಐದು ವಿಧಗಳನ್ನು ವಿವರಿಸಿ' ಎಂದು ಕೇಳಿದ್ದೆ. ಹರಿಯಬ್ಬೆಯ ಅನಿತಾ ನಾಲ್ಕೇ ಬರೆದಳು. ಒಂದು ಅಂಕ ಕಳೆದೆ. ಅದೊಂದಕ್ಕೇ ಫೇಲಾದಳು. ಅಂಕಪಟ್ಟಿ ಕಳಿಸುವ ದಿನ ಉತ್ತರಪತ್ರಿಕೆ ಹಿಡಿದು ಎದುರು ನಿಂತಳು.

"ಸಾರ್, ಐದನೇದು ಯಾವ್ದೈತೆ ಹೇಳ್ರಿ. ನೀವು ಬರ್ಸಿದ್ರಾಗೆ ನಾಲ್ಕೇ ಅವೆ."

ಐದಿದ್ದದ್ದು ಖಂಡಿತ, ಯಾವುದೆಂಬುದು ಮಾತ್ರ ನೆನಪಿಲ್ಲ. ಉಳಿದವರ ಪತ್ರಿಕೆ ತಿರುವಿದೆ. ಒಬ್ಬ 'ಮಿಶ್ರ ಭಾಷೆ' ಎಂದಿದ್ದ, ಇನ್ನೊಬ್ಬಳು 'ಅತ್ಯುನ್ನತ ಮಟ್ಟದ ಭಾಷೆ' ಎಂದಿದ್ದಳು. ಎಲ್ಲದಕ್ಕೂ ನಾನೇ ಪೂರ್ತಿ ಅಂಕ ಕೊಟ್ಟಿದ್ದೆ, ಅಕ್ಷರ ದುಂಡಗಿತ್ತು.

ಹೊಳಲ್ಕೆರೆಯಲ್ಲಿ ಮೇಷ್ಟರಾಗಿರುವ ಹಳೆಯ ಸಹಪಾಠಿಗೆ ಫೋನ್ ಮಾಡಿದೆ. "ಐದು ಕಣಪ್ಪ, ಅನುಮಾನನೇ ಇಲ್ಲ," ಎಂದ. ಯಾವುದು ಎಂದೆ. "ಲೇ, ನಾನು ನಿನ್ನ ನೋಟ್ಸ್ ನೋಡ್ಕಂಡೇ ಬರ್ದಿದ್ದು, ನನ್ನೇ ಕೇಳ್ತೀಯಲ್ಲೋ!"

ಅಷ್ಟರಲ್ಲಿ ಅನಿತಾ ಬ್ಯಾಗಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದಳು. "ನಮ್ಮಕ್ಕಂದು ಸಾರ್. ಆಕೀಗೂ ನೀವೇ ಹೇಳ್ಕೊಟ್ಟಿದ್ದು. ಇದ್ರಾಗೆ ಐದನೇದೂ ಐತೆ, ಆದ್ರೆ ಬರಿಯಾಕೆ ನಂಗೇ ನಾಚ್ಕೆ ಆತು."

ಓದಿದೆ. 'ಐದು: ಇನ್ನೊಂದಿದೆ, ಅದನ್ನು ಮುಂದಿನ ತರಗತಿಯಲ್ಲಿ ನೋಡೋಣ.' ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು. ಕೆಳಗೆ ನನ್ನ ಸಹಿ.

ಅಂಕ ಕೊಟ್ಟೆ, ಅನಿತಾ ಪಾಸಾದಳು. ಆದರೆ ನಿಜ ಹೇಳುವ ಧೈರ್ಯ ಬರಲಿಲ್ಲ. ಮರುದಿನ ತರಗತಿಯಲ್ಲಿ ಗಂಭೀರವಾಗಿ, "ಐದನೆಯ ವಿಧವನ್ನು ಈಗ ಕೈಬಿಟ್ಟಿದ್ದಾರೆ, ಹೊಡೆದುಹಾಕಿ," ಎಂದೆ. ಎಲ್ಲರೂ ಖಾಲಿ ಬಿಟ್ಟಿದ್ದ ಐದನೆಯ ಸಾಲಿನ ಮೇಲೆ ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದರು. ಕೈಬಿಟ್ಟವರು ಯಾರು, ಏಕೆ ಕೈಬಿಟ್ಟರು ಎಂದು ಒಬ್ಬರೂ ಕೇಳಲಿಲ್ಲ. ಅನುಮಾನಿಸುವುದನ್ನು ನಾನು ಎಷ್ಟು ಚೆನ್ನಾಗಿ ಕಲಿಸಿದ್ದೇನೆಂದು ಅಂದು ಕಣ್ಣಾರೆ ಕಂಡೆ. ಸಮಾಧಾನದ ನಿಟ್ಟುಸಿರನ್ನೂ ಬಿಟ್ಟೆ.